ಉಗಾರದ ಹೆಸರಿಗೆ ಹಗ್ಗ ಕಟ್ಟಿದ ಮಂಗಲ

ಬೆಳಗಿನ ಐದೂವರೆ. ಐನಾಪುರದ ಕಬ್ಬು ಬೆಳೆಗಾರರ ಸಂಘದ ಕಟ್ಟೆಯ ಮೇಲೆ ಕಡಿಯುವ ಗ್ಯಾಂಗುಗಳನ್ನು ನಡೆಸುವ ಮುಕಾದಮರು ಹತ್ತು ಹನ್ನೆರಡು ಮಂದಿ ಕಂಬಳಿ ಹೊದ್ದು ಕೂತಿದ್ದಾರೆ. ಇವತ್ತು ಯಾರ ಹೊಲಕ್ಕೆ ಕುಡಗೋಲು ಒಯ್ಯಬೇಕೆಂಬ ಚೀಟಿ ಒಳಗಿನಿಂದ ಬರಬೇಕು. ಒಳಗೆ ಮಂಗಲ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಕಂಪ್ಯೂಟರುಗಳ ನಡುವೆ ಕೂತಿದ್ದಾರೆ. ನಿನ್ನೆ ಸಂಜೆ ಮೊದಲನೆಯ ಯಂತ್ರದಿಂದ ಫ್ಲಾಪಿಗೆ ಇಳಿಸಿದ್ದನ್ನು ಈಗ ಎರಡನೆಯದಕ್ಕೆ ಹಾಕಿ ತೆರೆಯುತ್ತಾರೆ. ಹನ್ನೊಂದು ಊರು, ಹನ್ನೊಂದು ಪಟ್ಟಿ. ಒಂದೊಂದನ್ನೂ ಕೊನೆಯ ಹೆಸರಿನ ತನಕ ನೋಡಿ ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುತ್ತಾರೆ. ಹೊರಗಿನವರು ಎಷ್ಟೇ ಕೆಮ್ಮಿ ಅವಸರ ಮಾಡಲಿ, ಹನ್ನೊಂದನೆಯ ಗೀಟು ಬೀಳದೆ ಮೊದಲ ಚೀಟಿ ಹೊರಗೆ ಬರುವುದಿಲ್ಲ.

ಕರೆಂಟು ಇರುವುದು ಒಂಬತ್ತರ ತನಕ. ಅಷ್ಟರೊಳಗೆ ಅರವತ್ತು ಎಪ್ಪತ್ತು ಚೀಟಿ ಮುದ್ರಣವಾಗಬೇಕು. ಮೂರು ಸಾವಿರದ ಚಿಲ್ಲರೆ ರೈತರ ಕಬ್ಬಿನ ಪಾಳಿ ಈ ಹೆಣ್ಣುಮಗಳ ಬೆರಳ ತುದಿಯಲ್ಲಿದೆ. ಮೊದಲು ನಾಟಿ ಮಾಡಿದವನ ಕಬ್ಬು ಮೊದಲು, ಆಮೇಲಿನವನದು ಆಮೇಲೆ. ಪಾಳಿ ತಪ್ಪಿದರೆ ಕಬ್ಬು ನಿಂತಲ್ಲೇ ಹೂಬಿಟ್ಟು ಒಳಗೊಳಗೆ ಬೆಂಡಾಗುತ್ತದೆ. ಈ ಸೀಮೆಯಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಆಗುವುದಕ್ಕಿಂತ ಹೆಚ್ಚು ಜಗಳ ಪಾಳಿಗಾಗಿ ಆಗುತ್ತವೆ ಎಂದರೆ ಯಾರೂ ನಗುವುದಿಲ್ಲ, ಹೌದೆಂದು ತಲೆ ಅಲ್ಲಾಡಿಸುತ್ತಾರೆ.

ಮಂಗಲ ಮಂಗಸೂಳಿಯ ಮಗಳು, ಉಗಾರ ಬುದ್ರುಕದ ಸೊಸೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಅಥಣಿಯಲ್ಲಿ ಟೈಪಿಂಗ್ ಕಲಿತು ಎಂಬತ್ತೆಂಟರಲ್ಲಿ ಸಂಘಕ್ಕೆ ಸೇರಿದರು. ತೊಂಬತ್ತೆರಡರಲ್ಲಿ ಕಂಪ್ಯೂಟರ್ ಬಂದಾಗ ಉಳಿದ ಗುಮಾಸ್ತರೆಲ್ಲ ಅದನ್ನು ಬಾಗಿಲಲ್ಲಿ ನಿಂತು ನೋಡಿ, ಕೈ ಜೋಡಿಸಿ, ತಮ್ಮ ತಮ್ಮ ಮೇಜಿಗೆ ಹೋಗಿಬಿಟ್ಟರು. ಇವರೊಬ್ಬರೇ ಮುಟ್ಟಿದರು. ಮುಟ್ಟಿದವರ ಕೊರಳಿಗೇ ಅದು ಬಿತ್ತು.

ಆ ಹಳೆಯ ಯಂತ್ರದಲ್ಲಿ ಒಂದು ಕಡತಕ್ಕೆ ಎಂಟೇ ಅಕ್ಷರದ ಹೆಸರು, ಅದೂ ಇಂಗ್ಲಿಷಿನಲ್ಲಿ. ಉಗಾರ ಬುದ್ರುಕ, ಉಗಾರ ಖುರ್ದ ಎರಡೂ ಮಗ್ಗುಲು ಮಗ್ಗುಲಿನ ಊರು. ಹೀಗಾಗಿ ಒಂದಕ್ಕೆ ಉಗಾರ್ ಬಿ, ಇನ್ನೊಂದಕ್ಕೆ ಉಗಾರ್ ಕೆ ಎಂದು ನಡುವೆ ಜಾಗವಿಲ್ಲದೆ ಒತ್ತೊತ್ತಾಗಿ ಬರೆದಿಟ್ಟಿದ್ದರು. ಮಂಗಲರಿಗೆ ಅದೊಂದು ಕಿರಿಕಿರಿ. ಗಂಡನ ಮನೆಯ ಊರನ್ನು ಆಸ್ಪತ್ರೆಯ ಗುಳಿಗೆಯ ಹಾಗೆ ಬಿ ಎನ್ನುವುದು ಅವರಿಗೆ ಸರಿಬೀಳಲಿಲ್ಲ. ತೊಂಬತ್ತೇಳರ ಮಳೆಗಾಲದಲ್ಲಿ ಉದ್ದನೆಯ ಹೆಸರು ಹಿಡಿಸುವ ಹೊಸ ಯಂತ್ರ ಬಂದದ್ದೇ ತಡ, ಖುಷಿಯಿಂದ ಊರುಗಳಿಗೆಲ್ಲ ಪೂರಾ ಹೆಸರು ಕೊಟ್ಟರು. ಉಗಾರ, ನಡುವೆ ಒಂದು ಖಾಲಿ ಜಾಗ, ಬುದ್ರುಕ. ಉಗಾರ, ಒಂದು ಖಾಲಿ ಜಾಗ, ಖುರ್ದ.

ಎಡವಟ್ಟಾಗಿದ್ದು ಅಲ್ಲೇ. ಯಂತ್ರ ಹೊಸದು ನಿಜ, ಆದರೆ ಸಂಜೆ ಪಟ್ಟಿಗಳನ್ನು ಫ್ಲಾಪಿಗೆ ಇಳಿಸುವ ಆಜ್ಞೆ ಮಾತ್ರ ಹಳೆಯದೇ, ಯಾರೋ ಬರೆದುಕೊಟ್ಟು ಹೋದದ್ದು. ಅದಕ್ಕೆ ಖಾಲಿ ಜಾಗ ಎದುರಾಯಿತೆಂದರೆ ಹೆಸರು ಅಲ್ಲಿಗೆ ಮುಗಿಯಿತು. ಬುದ್ರುಕದ ಪಟ್ಟಿ ಫ್ಲಾಪಿಗೆ ಇಳಿದು ಬರೀ ಉಗಾರ ಎಂದು ಕೂರುತ್ತಿತ್ತು. ಹಿಂದೆಯೇ ಖುರ್ದದ ಪಟ್ಟಿ ಬಂದು, ತಾನೂ ಉಗಾರವೇ ಎಂದು, ಅದರ ತಲೆಯ ಮೇಲೆ ಕೂತು ಅದನ್ನು ಅಳಿಸಿಬಿಡುತ್ತಿತ್ತು. ಪರದೆ ಮಾತ್ರ ಎರಡು ಸಲವೂ 'ಒಂದು ಕಡತ ನಕಲಾಯಿತು' ಎಂದು ಸಭ್ಯವಾಗಿ ತೋರಿಸುತ್ತಿತ್ತು. ಮಂಗಲ ಎರಡು ಸಲವೂ ನಂಬುತ್ತಿದ್ದರು.

ಆ ವರ್ಷದ ನವೆಂಬರಿನಲ್ಲಿ ಕರೆಂಟಿನ ಹೊಡೆತಕ್ಕೆ ಹೊಸ ಯಂತ್ರ ಸುಟ್ಟುಹೋಯಿತು. ಫ್ಲಾಪಿ ತೆರೆದರೆ ಹತ್ತೇ ಊರು. ಬುದ್ರುಕದ ನಾಲ್ಕು ನೂರ ಹನ್ನೆರಡು ರೈತರ ನಾಟಿ ತಾರೀಖು ಮಾಯ. ಆ ಹಂಗಾಮಿನ ಪಟ್ಟಿ ಇನ್ನೂ ಮುದ್ರಣವಾಗಿರಲಿಲ್ಲ. ಹೊಲದಿಂದ ಬಂದ ಕಾಗದಗಳನ್ನು, ಕಂಪ್ಯೂಟರಿಗೆ ಏರಿಸಿದ ಮೇಲೆ ಇನ್ನೇಕೆ ಎಂದು, ಸಂಘದವರು ರದ್ದಿಗೆ ಹಾಕಿ ಆಗಿತ್ತು.

ಹೋದದ್ದು ಹೋಯಿತು, ಆದರೆ ಹೋದದ್ದು ಯಾವ ಊರಿನದು? ಮಂಗಲರ ಗಂಡನ ಮನೆಯ ಊರಿನದು. ಸಂಘದ ಸಭೆಯಲ್ಲಿ ರಾವಸಾಹೇಬ ಎಂಬ ರೈತ ಎದ್ದು ನಿಂತು, ಹತ್ತು ಊರಿನ ಪಟ್ಟಿ ಉಳಿದು ಇದೊಂದೇ ಹೇಗೆ ಹೋಯಿತು, ಹೊಸ ಪಟ್ಟಿ ಯಾರ ಮನೆಯಿಂದ ಶುರುವಾಗುತ್ತದೆ ಎಂದು ನೇರ ಕೇಳಿದರು. ಮಂಗಲ ಫ್ಲಾಪಿ, ಖಾಲಿ ಜಾಗ ಎಂದು ಏನೇನೋ ವಿವರಿಸಲು ಹೋದರು. ಹೆಸರಿನ ನಡುವಿನ ಖಾಲಿ ಜಾಗ ನಾಲ್ಕು ನೂರು ಜನರನ್ನು ನುಂಗಿತೆಂದರೆ ಯಾರು ನಂಬುತ್ತಾರೆ?

"ಕಳ್ಳಿ ಅಂದಿದ್ರ ತಡಕೋತಿದ್ನಿರಿ, ಬಾಯಿ ಬಿಟ್ಟು ಯಾರೂ ಅನ್ನಲಿಲ್ಲ. ಬಸ್ಸಿನ್ಯಾಗ ನನ್ನ ಬಾಜೂಕ ಕೂಡೋದು ಬಿಟ್ರು ನೋಡ್ರಿ, ಅದು ಭಾಳ ಸಂಕಟ ಆತು," ಎನ್ನುತ್ತಾರೆ ಮಂಗಲ.

ರೈತರನ್ನೇ ಕೇಳಿದರೆ ಎಲ್ಲರೂ ತಾನೇ ಮೊದಲು ನೆಟ್ಟವನೆನ್ನುತ್ತಾರೆ. ಹಾಗಾಗಿ ಮಂಗಲ ಕೂಲಿಗೆ ಬಂದು ನೆಟ್ಟವರ ಬಳಿಗೆ ಹೋದರು. ಬುದ್ರುಕದ ನಾಟಿಯೆಲ್ಲ ರುಕ್ಮವ್ವನ ಹೆಣ್ಣಾಳುಗಳ ಟೋಳಿಯದು. ರುಕ್ಮವ್ವನಿಗೆ ಅಕ್ಷರ ಬಾರದು, ತಾರೀಖೂ ಬೇಕಿಲ್ಲ. ಒಬ್ಬರ ಹೊಲದ ಬೀಜದ ಕಬ್ಬು ಕಡಿದು ಇನ್ನೊಬ್ಬರ ಹೊಲಕ್ಕೆ ಹಚ್ಚುವುದು ಇಲ್ಲಿಯ ರೂಢಿ. ಯಾರ ಬೀಜ ಯಾರ ಹೊಲಕ್ಕೆ ಹೋಯಿತು, ಯಾವ ಸಂತೆಯ ವಾರ ಯಾರ ಬದುವಿನ ಮೇಲೆ ಬುತ್ತಿ ಬಿಚ್ಚಿದೆವು ಎಂದು ಆಕೆ ಸರಪಳಿ ಎಳೆದ ಹಾಗೆ ಹೇಳುತ್ತಾ ಹೋದಳು. ಒಂಬತ್ತು ದಿನ ನಸುಕಿನಲ್ಲಿ ಮಂಗಲ ಆಕೆಯ ಒಲೆಯ ಮುಂದೆ ಕೂತು ಬರೆದುಕೊಂಡರು. ನಾಲ್ಕು ನೂರ ಹನ್ನೊಂದು ಹೊಲ ಸಿಕ್ಕವು.

ಸಿಗದ ಒಂದು ಹೊಲ ಮಾವ ಜಕ್ಕಪ್ಪನವರದು. ಅದನ್ನು ಮನೆಮಂದಿಯೇ ನೆಟ್ಟಿದ್ದರು, ಟೋಳಿ ಕರೆದಿರಲಿಲ್ಲ. ಮಂಗಲರೇ ಬೀಜದ ಬುಟ್ಟಿ ಹೊತ್ತಿದ್ದರು, ನೆಟ್ಟ ತಾರೀಖೂ ನೆನಪಿತ್ತು. ಆ ಲೆಕ್ಕಕ್ಕೆ ಪಾಳಿ ತೊಂಬತ್ತನೆಯ ನಂಬರಿನ ಆಜುಬಾಜು ಬರುತ್ತಿತ್ತು. ಅವರು ಬರೆದದ್ದು ನಾಲ್ಕು ನೂರ ಹನ್ನೆರಡು.

"ನನಗ ಗೊತ್ತಿತ್ರಿ. ಆದ್ರ ಸಾಕ್ಷಿ ಮನಿಯವರು ಬಿಟ್ರ ಯಾರೂ ಇದ್ದಿಲ್ಲ. ಉಳದವ್ರಿಗೆಲ್ಲಾ ಹೊರಗಿನ ಸಾಕ್ಷಿ ಬೇಕಂತ ಕೇಳಿ, ನಮ್ಮನಿ ಹೊಲಕ್ಕ ನನ್ನ ಮಾತ ಸಾಕು ಅಂತ ಹೆಂಗ ಅನ್ಲಿ?"

ಪಟ್ಟಿ ಗೋಡೆಗೆ ಅಂಟಿಸಿದ ದಿನ ರಾವಸಾಹೇಬರು ಮೇಲಿನಿಂದ ಕೆಳಗೆ ಓದಿದರು, ಕೊನೆಯ ಹೆಸರಿಗೆ ಬಂದು ರುಮಾಲು ಸರಿಮಾಡಿಕೊಂಡು ಹೊರಟುಹೋದರು. ಜಕ್ಕಪ್ಪನವರ ಕಬ್ಬಿಗೆ ಕುಡಗೋಲು ಬಿದ್ದದ್ದು ಏಪ್ರಿಲ್ಲಿನಲ್ಲಿ. ಅಷ್ಟೊತ್ತಿಗೆ ಅದು ಹೂಬಿಟ್ಟು, ಬೆಂಡಾಗಿ, ಬರೀ ಸಿಪ್ಪೆಯಾಗಿತ್ತು. ಮಾವ ಸೊಸೆಯೊಂದಿಗೆ ಮಾತು ಬಿಟ್ಟರು. ಊಟಕ್ಕೆ ಅತ್ತೆ ದುಂಡವ್ವನೇ ಬಡಿಸಬೇಕು, ಮಂಗಲ ಬಡಿಸಿದರೆ ತಾಟು ಸರಿಸಿ ಏಳುತ್ತಿದ್ದರು. ಮಂಗಲರಿಗೆ ದುಃಖವಾಯಿತು, ಅತ್ತರು, ಮರುದಿನ ಮತ್ತೆ ಮೊದಲ ಬಸ್ಸಿಗೆ ಐನಾಪುರಕ್ಕೆ ಹೋದರು.

ಈಗ ಅವರು ಎರಡು ಪದದ ನಡುವೆ ಖಾಲಿ ಬಿಡುವುದಿಲ್ಲ, ಕೆಳಗೊಂದು ಗೆರೆ ಎಳೆದು ಜೋಡಿಸುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ಹಗ್ಗ. ಹೊಸದಾಗಿ ಬಂದ ಗುಮಾಸ್ತೆ ಚಂದ್ರಮತಿಗೂ ಮೊದಲ ಪಾಠ ಇದೇ, ಹಗ್ಗ ಕಟ್ಟದೆ ಏಳಬೇಡ. ಹೋದ ವರ್ಷ ಸಂಘದ ಅಧ್ಯಕ್ಷ ಬಾಬಾಸಾಹೇಬರು ಕಡತದ ಹೆಸರನ್ನೂ ಕನ್ನಡದಲ್ಲೇ ಇಡಿ ಎಂದರು. ಮಂಗಲ ಮನಸ್ಸಿಟ್ಟು ಮಾಡಿ ನೋಡಿದರು. ಒತ್ತಿದ್ದು ಕನ್ನಡ, ಹೊರಗೆ ಕಂಡದ್ದು ತಲೆಗೆ ಚುಕ್ಕಿ, ಬುಡಕ್ಕೆ ಬಾಲ ಬಂದ ಎಲ್ಲಿಯದೋ ಪರದೇಶದ ಅಕ್ಷರ. ಫ್ಲಾಪಿಗೆ ಇಳಿಸಿದರೆ ಅದೂ ಬದಲಾಗಿ, ಕಡತ ಕಣ್ಣಿಗೆ ಕಾಣುತ್ತದೆ, ತೆರೆಯುವುದಿಲ್ಲ. ಹಾಗಾಗಿ ಪಟ್ಟಿಯ ಒಳಗೆ ಕನ್ನಡ, ಹೊರಗಿನ ಹೆಸರಿಗೆ ಇಂಗ್ಲಿಷ್ ಮತ್ತು ಹಗ್ಗ. ನಿವೃತ್ತಿಯೊಳಗೆ ಒಂದು ದಿನವಾದರೂ ಊರಿನ ಹೆಸರು ಊರಿನವರು ಬರೆಯುವ ಹಾಗೇ ಅಲ್ಲಿ ಕಾಣಬೇಕೆಂಬ ಆಸೆ ಅವರಿಗಿದೆ.

ಈ ಹಂಗಾಮಿನ ಪಟ್ಟಿ ಅಕ್ಟೋಬರಿನಲ್ಲಿ ಮುದ್ರಣವಾದಾಗ ಬುದ್ರುಕದವರೆಲ್ಲ ಸಾಲುಗಟ್ಟಿ ತಮ್ಮ ತಮ್ಮ ಪಾಳಿ ನೋಡಲು ಬಂದರು. ಜಕ್ಕಪ್ಪನವರು ಬರಲಿಲ್ಲ. ಅವತ್ತು ಸಂಜೆ ಮಂಗಲ ಮನೆಗೆ ಹೋಗಿ, ಬಾಗಿಲ ಮರೆಯಲ್ಲಿ ನಿಂತು, ನಮ್ಮ ನಂಬರು ಹೇಳಲೇ ಎಂದು ಕೇಳಿದರು. ಮಾವ ಒಂದೂವರೆ ವರ್ಷದ ಮೇಲೆ ಮೊದಲ ಸಲ ಅವರತ್ತ ತಿರುಗಿ ನೋಡಿದರು.

"ಬ್ಯಾಡವಾ. ನೀ ಬರದಿ ಅಂದ್ರ ಅದ ನಮ್ಮ ಪಾಳಿ," ಅಂದರು. "ಬಡಸು ಬಾ."