ಮುಚ್ಚಿದ ಗೇಟಿನಿಂದ ಬಂದ ಒಂದು ಮಾತು

ಈ ಸಂಗತಿಯನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ನಾನು ಅವನ ಮುಖದ ಮೇಲೆಯೇ ಸುಳ್ಳ ಅನ್ನುತ್ತಿದ್ದೆ. ನೀವು ನನಗೆ ಹಾಗೆ ಅಂದರೂ ಬೇಸರವಿಲ್ಲ. ದೆವ್ವ, ಗಾಳಿ, ಸೋಂಕು ಎಲ್ಲ ಕೆಲಸವಿಲ್ಲದವರ ಮಾತು ಎಂದೇ ನಾನು ತಿಳಿದಿದ್ದೆ. ಪುಣೆಯ ರೈಲ್ವೆ ಯಾರ್ಡಿನಲ್ಲಿ ನಾಲ್ಕು ವರ್ಷ ಪಾಯಿಂಟ್ಸ್‌ಮನ್ ಆಗಿದ್ದೆ. ಡಬ್ಬಿಗಳನ್ನು ಜೋಡಿಸುವುದು, ಬಿಡಿಸುವುದು ನನ್ನ ಕೆಲಸ. ಅಲ್ಲಿ ರುಂಡವಿಲ್ಲದ ಒಬ್ಬ ಓಡಾಡುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದರು. ಅವನು ಓಡಾಡುವ ಲೈನಿನ ಪಕ್ಕದಲ್ಲೇ ಕೂತು ನಾನು ದಿನಾ ರೊಟ್ಟಿ ತಿಂದಿದ್ದೇನೆ. ಯಾರೂ ಬಂದು ಪಲ್ಯ ಕೇಳಲಿಲ್ಲ.

ನಾನು ಓದಿದ್ದು ಹತ್ತನೆಯವರೆಗೆ, ಅದೂ ಎರಡನೇ ಸಲಕ್ಕೆ ಪಾಸು. ಅಪ್ಪ ಯಾದಗಿರಿ ಕಡೆಯಿಂದ ಬಂದು ಪುಣೆಯ ಹಡಪಸರದಲ್ಲಿ ಕಟ್ಟಡಗಳಿಗೆ ಕಬ್ಬಿಣ ಕಟ್ಟುವ ಕೆಲಸ ಮಾಡಿದವನು. ಇಲಾಖೆಯ ಒಳಗಿನ ಪರೀಕ್ಷೆ ಬರೆದು ನಾನು ಗೂಡ್ಸ್ ಗಾಡಿಯ ಗಾರ್ಡ್ ತರಬೇತಿಗೆ ಆಯ್ಕೆಯಾದೆ. ಈಗ ಕಾಗದದಲ್ಲಿ ಅದಕ್ಕೆ ಟ್ರೇನ್ ಮ್ಯಾನೇಜರ್ ಅನ್ನುತ್ತಾರೆ. ಹೆಸರು ದೊಡ್ಡದಾಗಿದೆ, ಕೂರುವ ಡಬ್ಬಿ ಮಾತ್ರ ಅದೇ. ಗಾಡಿಯ ಕೊನೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ. ಬೇಸಿಗೆಯಲ್ಲಿ ಕಾದ ಹಂಚು, ಚಳಿಗಾಲದಲ್ಲಿ ತಣ್ಣನೆಯ ಬಾವಿ.

ತರಬೇತಿಯ ಕೊನೆಗೆ ಲೈನ್ ಕಲಿಯಬೇಕು. ಒಬ್ಬ ಹಳೆಯ ಗಾರ್ಡ್ ಜೊತೆ ಹಿಂದಿನ ಡಬ್ಬಿಯಲ್ಲಿ ಹೋಗಿ ಎಲ್ಲಿ ಏರು, ಎಲ್ಲಿ ತಿರುವು, ಎಲ್ಲಿ ಗೇಟು ಎಂದು ತಿಳಿದುಕೊಳ್ಳಬೇಕು. ಇವನಿಗೆ ಲೈನ್ ಗೊತ್ತಿದೆ ಎಂದು ಆ ಹಳಬ ಒಂದು ಫಾರ್ಮಿಗೆ ಸಹಿ ಹಾಕಬೇಕು. ನನಗೆ ಸಿಕ್ಕವನು ಬಿರಾದಾರ, ವಿಜಯಪುರದ ಕಡೆಯವನು. ಕನ್ನಡದವನು ಸಿಕ್ಕ ಎಂದು ಮೊದಲ ದಿನ ನನಗೆ ಖುಷಿಯಾಗಿತ್ತು. ಅವನು ಎಲ್ಲರ ಜೊತೆ ಮರಾಠಿ ಆಡುತ್ತಿದ್ದ. ಬೈಯಲಿಕ್ಕೆ ಮಾತ್ರ ಕನ್ನಡ ಇಟ್ಟುಕೊಂಡಿದ್ದ, ಅದೂ ನನಗೆ ಮಾತ್ರ. ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ, ಪಾಯಿಂಟ್ಯಾ ಅನ್ನುತ್ತಿದ್ದ. ಎರಡು ಸಲ ಫಾರ್ಮಿನ ಮೇಲೆ ‘ಇನ್ನೂ ಕಲಿಯಬೇಕು’ ಎಂದು ಬರೆದ. ಮೂರನೇ ಸಲವೂ ಹಾಗೆ ಬರೆದರೆ ನಾನು ಯಾರ್ಡಿಗೆ ವಾಪಸ್, ಮತ್ತೆ ಅವಕಾಶವಿಲ್ಲ. ಯಾರ್ಡಿನಲ್ಲಿ ನನ್ನ ಜೊತೆಯವನ ಕೈ ಎರಡು ಡಬ್ಬಿಗಳ ನಡುವೆ ಸಿಕ್ಕಿದ್ದನ್ನು ನಾನು ನೋಡಿದ್ದೇನೆ. ನನಗೆ ಆ ಸಹಿ ಬೇಕಿತ್ತು. ಅಷ್ಟೇ.

ಮೂರನೇ ಸಲ ಹೊರಟಿದ್ದು ನೀರಾ ಸ್ಟೇಷನ್ ಕಡೆಗೆ, ಖಾಲಿ ಗಾಡಿ. ಮಧ್ಯಾಹ್ನದ ಸುಡು ಬಿಸಿಲು. ಘಾಟು ಹತ್ತಿ ಮುಗಿದ ಮೇಲೆ ಬಿರಾದಾರ ನನ್ನ ಟವೆಲ್ ಕಸಿದುಕೊಂಡು ನನ್ನ ಕಣ್ಣಿಗೆ ಬಿಗಿದ.

“ಕಣ್ಣಿದ್ರ ಆಡು ಕಾಯಾಂವನೂ ಗಾರ್ಡ್ ಆಗ್ತಾನ. ಈಗ ಹೇಳಲೇ ಪಾಯಿಂಟ್ಯಾ, ಎಲ್ಲಿ ಅದೀವಿ?”

ಇದು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಹಳಬರು ಹೀಗೆ ಪರೀಕ್ಷೆ ಮಾಡುತ್ತಾರೆ. ಮಂಜು ಬಿದ್ದರೆ, ಸುರಂಗದಲ್ಲಿ ನಿಂತರೆ, ಕಿವಿಯೇ ಕಣ್ಣು. ನಾನು ಹೇಳುತ್ತಾ ಹೋದೆ. ಸದ್ದು ಟೊಳ್ಳಾದಾಗ ಸೇತುವೆ ಅಂದೆ. ಸದ್ದು ಎರಡೂ ಕಡೆಯಿಂದ ತಿರುಗಿ ಬಂದಾಗ ಗುಡ್ಡ ಕಡಿದ ಜಾಗ ಅಂದೆ. ಮೈ ಬಲಕ್ಕೆ ವಾಲಿದಾಗ ತಿರುವು ಅಂದೆ. ಎಲ್ಲ ಸರಿಯಾಗಿತ್ತು. ಅದು ನನಗೆ ಗೊತ್ತಾಗಿದ್ದು ಅವನು ಬೈಯದಿದ್ದದ್ದರಿಂದ. ಅವನು ಎಲೆ ಅಡಿಕೆ ಜಗಿಯುವ ಸದ್ದು ಮಾತ್ರ ಬಲಗಡೆಯ ಬಾಗಿಲಿನಿಂದ ಕೇಳುತ್ತಿತ್ತು.

ಆಮೇಲೆ ಎಡಗಡೆ ಗೇಟಿನ ಗಂಟೆ ಕೇಳಿಸಿತು. ಯಾವುದೋ ಬೈಕಿನ ಹಾರ್ನ್. ಸರಪಳಿ ಕಂಬಕ್ಕೆ ಬಡಿದ ಸದ್ದು. ಅದರ ಹಿಂದೆಯೇ ಒಬ್ಬ ಗಂಡಸಿನ ಕೂಗು, ಬಹಳ ಹತ್ತಿರದಿಂದ, ನಮ್ಮ ಕಡೆಯ ಕನ್ನಡದಲ್ಲಿ.

ಗೇಟಿನವರು ಕೂಗುವುದು ಹೊಸದಲ್ಲ. ಗಾಡಿ ದಾಟುವಾಗ ಅವರು ಝೆಂಡಾ ಹಿಡಿದು ನಿಂತು ಪ್ರತಿ ಗಾಲಿಯನ್ನೂ ನೋಡಬೇಕು. ಬ್ರೇಕ್ ಹಿಡಿದುಕೊಂಡು ಗಾಲಿ ಕಾದಿದ್ದರೆ, ಏನಾದರೂ ಜೋತಾಡುತ್ತಿದ್ದರೆ, ಕೊನೆಗೆ ಬರುವ ಗಾರ್ಡಿಗೆ ಕೂಗಿ ಹೇಳಬೇಕು. ಸಿಗುವುದು ಒಂದು ಮಾತಿನಷ್ಟು ಹೊತ್ತು.

ಆ ಮಾತೇ ನನಗೆ ಕಂಟಕವಾಯಿತು. ಅವನು “ಹೋಗ್ರಿ” ಅಂದನೋ “ಹೊಗಿ ರೀ” ಅಂದನೋ ತಿಳಿಯಲಿಲ್ಲ. ಮೊದಲನೆಯದಾದರೆ ಎಲ್ಲ ಸರಿ ಇದೆ, ಸಾಗಿರಿ ಎಂದು. ಎರಡನೆಯದಾದರೆ ಗಾಡಿಯಲ್ಲಿ ಹೊಗೆ ಬರುತ್ತಿದೆ ಎಂದು. ನಮ್ಮ ಮಾತಿನಲ್ಲಿ ಎರಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ, ಒಂದರಲ್ಲಿ ‘ಹೋ’ ಉದ್ದ, ಇನ್ನೊಂದರಲ್ಲಿ ‘ಹೊ’ ಗಿಡ್ಡ. ಮನೆಯಲ್ಲಿ ಕೂತು ಆಡಿದರೆ ಯಾರಿಗಾದರೂ ತಿಳಿಯುತ್ತದೆ, ಓಡುವ ಗಾಡಿಯ ಗದ್ದಲದಲ್ಲಿ ಅಲ್ಲ.

“ಗೇಟ್ ಬಂತ್ರಿ,” ಅಂದೆ. “ಯಾರೋ ಒದರಿದ್ರು.”

ಬಿರಾದಾರ ನಕ್ಕ. “ಇಲ್ಲೆಲ್ಲಿ ಗೇಟೋ ಹುಚ್ಚಾ? ಅದು ಬಂದ್ ಆಗಿ ಯಾವ ಕಾಲ ಆತು!”

ಟವೆಲ್ ಕಿತ್ತೆಸೆದು ಎಡಗಡೆ ಬಗ್ಗಿ ನೋಡಿದೆ. ಹಿಂದೆ ಸರಿಯುತ್ತಿದ್ದದ್ದು ಒಂದು ಸಿಮೆಂಟ್ ಗೋಡೆ, ಜಾಲಿ ಕಂಟಿ. ಮನುಷ್ಯ ಇಲ್ಲ. ಮುಂದೆ ಗಾಡಿ ತಿರುವಿನಲ್ಲಿತ್ತು, ಅರ್ಧ ಡಬ್ಬಿಗಳು ಕಾಣುತ್ತಿರಲಿಲ್ಲ. ನನ್ನ ಕೈ ತಾನಾಗಿಯೇ ಎಮರ್ಜೆನ್ಸಿ ಹಿಡಿಕೆಯ ಮೇಲೆ ಹೋಯಿತು. ಅದನ್ನು ಎಳೆದರೆ ಇಡೀ ಗಾಡಿಗೆ ಬ್ರೇಕ್ ಬೀಳುತ್ತದೆ.

ಬಿರಾದಾರನ ದವಡೆ ನಿಂತಿತು. “ಕೈ ತಗಿ. ಎಳದೆಂದ್ರ ನಿನ್ನ ಫಾರ್ಮ್ ಇಲ್ಲೇ ಹರದು ಒಗೀತೀನಿ. ಯಾರ್ಡಿನ್ಯಾಗ ಸಾಯೀಯಂತ ಹೋಗು.”

ಎಳೆದೆ. ಹೆದರಿ ಎಳೆದೆನೋ, ಅವನ ಮೇಲಿನ ಸಿಟ್ಟಿಗೆ ಎಳೆದೆನೋ, ಇವತ್ತಿಗೂ ಹೇಳಲಾರೆ.

ಗಾಡಿ ನಿಂತಿತು. ವಾಕಿಟಾಕಿಯಲ್ಲಿ ಡ್ರೈವರ್ “ಕಾಯ ಝಾಲಂ?”, ಏನಾಯಿತು, ಎಂದು ಶುರು ಮಾಡಿದವನು, ಯಾರೋ ಕೂಗಿದರು ಎಂಬ ಕಾರಣ ಕೇಳಿದ ಮೇಲೆ ನನ್ನ ಮನೆತನವನ್ನೆಲ್ಲ ಎಳೆದು ಬೈದ. ನಾನು ಕೆಳಗಿಳಿದು ಜಲ್ಲಿಯ ಮೇಲೆ ಇಂಜಿನ್ನಿನವರೆಗೆ ನಡೆದೆ. ಪ್ರತಿ ಗಾಲಿಯ ಹತ್ತಿರ ಅಂಗೈಯ ಹಿಂಬದಿ ಹಿಡಿದು ನೋಡಿದೆ. ಒಂದು ಬದಿ ಹೋಗುವಾಗ, ಇನ್ನೊಂದು ಬದಿ ಬರುವಾಗ. ಎಲ್ಲ ಒಂದೇ ಕಾವು, ಬಿಸಿಲಿನ ಕಾವು. ಹೊಗೆಯೂ ಇಲ್ಲ, ಸುಟ್ಟ ವಾಸನೆಯೂ ಇಲ್ಲ.

ಆದರೂ ಬಿಡದೆ ಹಿಂದಕ್ಕೆ ಆ ಗೋಡೆಯವರೆಗೆ ಓಡಿದೆ. ಮುಂದಿನ ಸ್ಟೇಷನ್ ಜೇಜುರಿಯ ದೇವಸ್ಥಾನಕ್ಕೆ ನಮ್ಮ ಕಡೆಯ ಭಕ್ತರು ಬರುತ್ತಾರಲ್ಲ, ಯಾರೋ ದಾರಿಹೋಕ ಕೂಗಿರಬೇಕು ಎಂದುಕೊಂಡೆ. ಗೋಡೆಯ ಆಚೆ ರಸ್ತೆ ಹಳಿಗಳ ಕೆಳಗೆ ಇಳಿದು ಹೋಗಿತ್ತು. ಅಲ್ಲಿ ಕೊಳಚೆ ನೀರು, ಅದರಲ್ಲಿ ಎರಡು ಎಮ್ಮೆ. ಗಂಟೆ ಕಟ್ಟಲು ಒಂದು ಕಂಬವೂ ಇರಲಿಲ್ಲ. ಕೂಗಿದವನು ಬಿರಾದಾರನೇ ಇರಬೇಕು, ನನ್ನನ್ನು ಕೆಡಿಸಲಿಕ್ಕೆ, ಎಂದು ಸಿಟ್ಟು ಬಂತು. ಆದರೆ ಅವನು ಬಲಗಡೆ ಇದ್ದ, ಬಾಯಿ ತುಂಬ ಎಲೆ ಇತ್ತು. ಗಂಟೆಯನ್ನು ಅವನು ಎಲ್ಲಿಂದ ತರುತ್ತಾನೆ?

ಮತ್ತೆ ಹೊರಟ ಮೇಲೆ ಜೇಜುರಿಯವರೆಗೆ ಅವನು ಹೊಸ ಎಲೆ ಮಡಚಿ ಜಗಿಯುತ್ತಾ ಹೊರಗೆ ನೋಡುತ್ತಾ ಕೂತ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅಲ್ಲಿ ನಮ್ಮನ್ನು ಬದಿಯ ಲೈನಿಗೆ ಹಾಕಿದರು. ಅವನು ಚೀಲದಿಂದ ನನ್ನ ಫಾರ್ಮ್ ತೆಗೆದು ತೊಡೆಯ ಮೇಲಿಟ್ಟುಕೊಂಡ, ಪೆನ್ನಿನ ಮುಚ್ಚಳ ತೆಗೆದ. ಮುಗಿಯಿತು ಎಂದುಕೊಂಡೆ. ಅವನು ತಲೆ ಎತ್ತದೆ ಕೇಳಿದ.

“ಅಂವ ಉದ್ದಾಗಿ ಅಂದನೋ, ಗಿಡ್ಡಾಗಿ ಅಂದನೋ?”

ಪ್ರಶ್ನೆ ಏನೆಂದು ಆ ಗಳಿಗೆಯಲ್ಲಿ ನನ್ನ ತಲೆಗೆ ಹೋಗಲೇ ಇಲ್ಲ. ಬಾಯಿ ತಾನೇ ಉತ್ತರ ಕೊಟ್ಟಿತು. “ಗೊತ್ತಾಗ್ಲಿಲ್ರಿ.”

ಅವನು ಸಹಿ ಹಾಕಿ ಕಾಗದವನ್ನು ನನ್ನ ಎದೆಗೆ ಎಸೆದ.

“ಗೊತ್ತಾಗೇದ ಅಂದಿದ್ರ ಹರೀತಿದ್ದೆ. ಇಳಿ ಕೆಳಗ. ಮಾರಿ ತೋರಿಸಬ್ಯಾಡ.”

ಪ್ಲಾಟ್‌ಫಾರ್ಮಿಗೆ ಬಂದು ನಳದ ಕೆಳಗೆ ತಲೆ ಒಡ್ಡಿದಾಗ ನನಗೆ ಹೊಳೆಯಿತು. ಯಾರೋ ಒದರಿದರು ಎಂದಷ್ಟೇ ನಾನು ಹೇಳಿದ್ದೆ. ಏನೆಂದು ಒದರಿದರು ಅಂತ ಹೇಳಿರಲಿಲ್ಲ. ಡ್ರೈವರಿಗೂ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಮತ್ತೆ ಉದ್ದವೋ ಗಿಡ್ಡವೋ ಎಂದು ಅವನು ಹೇಗೆ ಕೇಳಿದ? ತಿರುಗಿ ಓಡುವಷ್ಟರಲ್ಲಿ ಸಿಗ್ನಲ್ ಬಿದ್ದು ಗಾಡಿ ಹೊರಟಿತ್ತು. ಅವನು ಹಿಂದಿನ ಬಾಗಿಲಲ್ಲಿ ಹಸಿರು ಝೆಂಡಾ ಹಿಡಿದು ನಿಂತಿದ್ದ, ನನ್ನ ಕಡೆ ನೋಡಲಿಲ್ಲ.

ಆಮೇಲೆ ಎರಡು ಸಲ ಫೋನ್ ಮಾಡಿದೆ. ಒಮ್ಮೆ “ಯಾವ ಗೇಟೋ?” ಅಂದು ಇಟ್ಟ. ಇನ್ನೊಮ್ಮೆ ಎತ್ತಲಿಲ್ಲ. ಈಗ ನಿವೃತ್ತನಾಗಿ ಊರಿಗೆ ಹೋಗಿದ್ದಾನೆ. ಆ ಗೇಟಿನಲ್ಲಿ ಹಿಂದೆ ಏನಾದರೂ ಆಗಿತ್ತೇ ಎಂದು ನಾಲ್ಕು ಜನ ಹಳಬರನ್ನು ಕೇಳಿದೆ. ಇಬ್ಬರು ಇಲ್ಲ ಅಂದರು, ಇಬ್ಬರು ನನ್ನನ್ನೇ ನೋಡಿ ನಕ್ಕರು.

ನಾನೀಗ ಅದೇ ಲೈನಿನಲ್ಲಿ ಗಾರ್ಡ್. ವಾರಕ್ಕೆ ಎರಡು ಸಲವಾದರೂ ಆ ಗೋಡೆ ದಾಟುತ್ತೇನೆ. ಏನೂ ಕೇಳುವುದಿಲ್ಲ. ಆ ಮನುಷ್ಯ ಹೋಗ್ರಿ ಎಂದಿದ್ದರೆ ನಾನು ಸುಮ್ಮನೆ ಗಾಡಿ ನಿಲ್ಲಿಸಿದೆ, ಅಷ್ಟೇ. ಹೊಗೆ ಎಂದಿದ್ದರೆ ಯಾವ ಗಾಡಿಯ ಹೊಗೆ ಎಂದು ನನಗೆ ಗೊತ್ತಿಲ್ಲ.