ಆಯೇರಿ ಅರಿವೆಯ ಕೌದಿ

ಕ್ರಿಸ್ಮಸ್ ಮುಗಿದು ಮೂರು ದಿನವಾಗಿತ್ತು. ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ್ದ ಕೌದಿಯನ್ನು ತರಲು ಹೋದವನು, ಮಡಚುವ ಮೊದಲು ಅದರ ಒಂದು ಮೂಲೆಯನ್ನು ಮೂಗಿಗೆ ಹಿಡಿದೆ. ಗುರೆಳ್ಳು ಚಟ್ನಿಯ ವಾಸನೆ. ಅದರ ಹಿಂದೆಯೇ ಶೇಂಗಾ ಎಣ್ಣೆ, ಹಸಿ ಕಡಲೆ ಗಿಡದ ಹುಳಿ, ಎರೆಮಣ್ಣು… ಎರಡು ಸಲ ಸೋಪಿನ ನೀರಿನಲ್ಲಿ ತೊಳೆದರೂ ಹೋಗದ ವಾಸನೆ ಅದು. ಕೆಳಗಿನಿಂದ ಹೆಂಡತಿ, "ಅಲ್ಲೇನ ಮೂಸಕೋತ ನಿಂತೀರಿ, ಲಗೂನ ತರ್ರಿ" ಎಂದು ಕೂಗಿದಳು. ಎದೆಮಟ್ಟದ ಗೋಡೆಯ ಆಚೆ ಪಕ್ಕದ ಮನೆಯ ಮಾಳಿಗೆ. ಅಲ್ಲಿ ಆಯಿ ತೊಗರಿ ಒಣಹಾಕುತ್ತಿದ್ದ ಜಾಗದಲ್ಲಿ ಈಗ ಆಕೆಯ ಮೊಮ್ಮಗನ ಸಾಲಿ ಯೂನಿಫಾರ್ಮ್ ಒಣಗುತ್ತಿತ್ತು.

ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಆಕೆ ನನಗೆ ಸಂಬಂಧಿಕಳಲ್ಲ, ನಮ್ಮ ಮತದವಳೂ ಅಲ್ಲ. ಹಣೆತುಂಬ ವಿಭೂತಿ ಹಚ್ಚುವ ಆಕೆಯ ಮನೆಗೂ, ಡಿಸೆಂಬರ್ ಬಂತೆಂದರೆ ಕಾಗದದ ನಕ್ಷತ್ರ ಕಟ್ಟುವ ನಮ್ಮ ಮನೆಗೂ ಮುದ್ದೇಬಿಹಾಳದ ಆ ಓಣಿಯಲ್ಲಿ ಒಂದೇ ಗೋಡೆ. ದೀಪಾವಳಿಗೆ ಅಲ್ಲಿಂದ ಕರ್ಚಿಕಾಯಿಯ ತಾಟು ಬರುತ್ತಿತ್ತು, ಕ್ರಿಸ್ಮಸ್ಸಿಗೆ ಇಲ್ಲಿಂದ ಹೋಗುತ್ತಿತ್ತು. ನಮ್ಮ ಕರ್ಚಿಕಾಯಿಯಲ್ಲಿ ಕೊಬ್ಬರಿ ಕಡಿಮೆ ಎಂದು ಆಯಿ ಪ್ರತಿ ವರ್ಷವೂ ತಪ್ಪದೆ ದೂರುತ್ತಿದ್ದಳು. ಮರುದಿನ ತಾಟನ್ನು ಖಾಲಿ ಕಳಿಸಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ಕಳಿಸುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಮೈದಾನದಲ್ಲಿ ನನಗೆ ಸೀಟಿ ಬೇಕಾಗುತ್ತಿರಲಿಲ್ಲ. ಆ ಗಂಟಲು ಅಪ್ಪನಿಂದ ಬಂದದ್ದು. ಮದುವೆಗಳಲ್ಲಿ ಆಯೇರಿ ಕೂಗುವುದು ನಮ್ಮ ಕಡೆಯ ಪದ್ಧತಿ. ಯಾರು ಯಾರಿಗೆ ಏನು ಉಡುಗೊರೆ ತಂದರು ಎಂಬುದನ್ನು ದೊಡ್ಡ ದನಿಯವನೊಬ್ಬ ಹಂದರದ ತುಂಬ ಕೇಳುವಂತೆ ಸಾರುತ್ತಾನೆ. ಅಪ್ಪ ಅದನ್ನು ತಮಾಷೆಗೆಂದು ನಮ್ಮ ಮನೆಯ ಕ್ರಿಸ್ಮಸ್ಸಿಗೆ ತಂದಿದ್ದ. ಆಗ ಕೂಗಲು ಇದ್ದದ್ದಾದರೂ ಏನು? ಒಂದು ಟವೆಲು, ಒಂದು ಡಜನ್ ಬಳೆ, ಹುಡುಗಿಯರಿಗೆ ರಿಬ್ಬನ್ನು. ರಿಬ್ಬನ್ನಿಗೆ ಅಪ್ಪ ರಾಜರ ಕಿರೀಟಕ್ಕೆ ಕೂಗುವವನಂತೆ ಕೂಗುತ್ತಿದ್ದ, ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಅಪ್ಪ ಹೋದ ಮೇಲೆ ಆ ಕೆಲಸ ನನಗೆ ಬಂತು. ಅಷ್ಟರಲ್ಲಿ ನಾವು ಒಡಹುಟ್ಟಿದ ನಾಲ್ವರೂ ಬೇರೆ ಬೇರೆ ಊರಿನಲ್ಲಿದ್ದೆವು. ಅಕ್ಕ ಸಿಂದಗಿಯಲ್ಲಿ, ನಾನು ಇಲ್ಲಿ, ತಮ್ಮ ಇಂಡಿಯಲ್ಲಿ, ಎಲ್ಲರಿಗಿಂತ ಸಣ್ಣವಳಾದ ತಂಗಿ ಬಸವನ ಬಾಗೇವಾಡಿಯಲ್ಲಿ. ಹಬ್ಬಕ್ಕೆ ಎಲ್ಲರೂ ನಮ್ಮ ಮನೆಗೆ ಬರಬೇಕು. ಬರುವಾಗ ಉಳಿದ ಮೂರೂ ಮನೆಯ ಎಲ್ಲರಿಗೂ ಅರಿವೆ ತರಬೇಕು. ಟವೆಲು ಹೋಗಿ ಪ್ಯಾಂಟ್ ಪೀಸು ಬಂತು, ಬಳೆ ಹೋಗಿ ಸೀರೆ ಬಂತು. ಹೀಗೆ ಮಾಡಬೇಕೆಂದು ಯಾರೂ ಯಾವತ್ತೂ ಹೇಳಿದ್ದಿಲ್ಲ. ಒಬ್ಬರು ಒಂದು ವರ್ಷ ಒಂದು ಹೆಜ್ಜೆ ಮುಂದೆ ಇಟ್ಟರೆ ಮರುವರ್ಷ ಉಳಿದವರೂ ಇಡಬೇಕಾಗುತ್ತಿತ್ತು, ಅಷ್ಟೇ. ದೀಪಾವಳಿ ಮುಗಿಯುತ್ತಲೇ ನನ್ನ ಹೆಂಡತಿಗೆ ತಲೆನೋವು ಶುರು. ಯಾರಿಗೆ ಹೋದ ಸಲ ಯಾವ ಬಣ್ಣ ಕೊಟ್ಟೆವು, ಯಾರು ಮುಖ ಸಿಂಡರಿಸಿದರು ಎಂದು ನೆನಪಿಸಿಕೊಳ್ಳುತ್ತ ವಿಜಯಪುರದ ಅರಿವೆ ಅಂಗಡಿಗಳನ್ನೆಲ್ಲ ಸುತ್ತುತ್ತಿದ್ದಳು. ಚರ್ಚಿನಲ್ಲಿ ಕಣ್ಣು ಮುಚ್ಚಿ ಕೂತಾಗಲೂ ಅವಳ ತುಟಿಯ ಮೇಲೆ ಪ್ರಾರ್ಥನೆ ಇತ್ತೋ ಜಂಪರ್ ಪೀಸಿನ ಲೆಕ್ಕ ಇತ್ತೋ, ದೇವರಿಗೇ ಗೊತ್ತು.

ನಾನು ಮಾತ್ರ ಖುಷಿಯಾಗಿದ್ದೆ, ಸುಳ್ಳು ಯಾಕೆ ಹೇಳಲಿ. ಊಟವಾದ ಮೇಲೆ ಪಡಸಾಲೆಯ ನಡುವೆ ನಿಂತು, "ಇಂಡಿ ತಮ್ಮನ ಮನಿಯಿಂದ ಸಿಂದಗಿ ಮಾವಗ ಪ್ಯಾಂಟ್ ಪೀಸ್ ಒಂದೂ, ಅಂಗಿ ಪೀಸ್ ಒಂದೂ…" ಎಂದು ಎಳೆದು ಕೂಗುವಾಗ ನನಗೆ ನಾನೇ ದೊಡ್ಡವನೆನಿಸುತ್ತಿತ್ತು. ಒಳ್ಳೆಯ ಅರಿವೆಗೆ ದನಿ ಏರುತ್ತಿತ್ತು. ಸಾಧಾರಣ ಅರಿವೆಗೆ ತಾನಾಗಿಯೇ ಇಳಿಯುತ್ತಿತ್ತು. ಇಳಿಯುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಆದರೆ ಕೇಳುವವರಿಗೆ ಗೊತ್ತಾಗುತ್ತಿತ್ತು.

ಒಂದು ವರ್ಷ ತಂಗಿ ಬರಲಿಲ್ಲ. ಮಗನಿಗೆ ಜ್ವರ ಎಂದು ಫೋನ್ ಮಾಡಿದ್ದಳು. ಇದ್ದವರದೇ ಆಯೇರಿ ಕೂಗಿ ಹಬ್ಬ ಮುಗಿಸಿದೆವು. ಮರುದಿನ ಬೆಳಿಗ್ಗೆ ನಾನು ಮಾಳಿಗೆಯ ಮೇಲೆ ಹಲ್ಲುಜ್ಜುತ್ತ ನಿಂತಿದ್ದಾಗ ಆಯಿ ಮೊರದಲ್ಲಿ ತೊಗರಿ ಹಿಡಿದುಕೊಂಡು ಗೋಡೆಯ ಹತ್ತಿರ ಬಂದಳು.

"ಮಾಸ್ತರ, ನಿನ್ನೆ ಎಲ್ಲಾರ ಹೆಸರು ಕೂಗಿದಿ. ನಿನ್ನ ತಂಗಿ ಹೆಸರು ನನಗ ಕೇಳಿಸಲಿಲ್ಲ."

"ಅಕಿ ಬಂದಿಲ್ಲರಿ ಆಯಿ. ಮಗಗ ಜ್ವರ ಅಂತ."

ಆಯಿ ಮೊರವನ್ನು ಗೋಡೆಯ ಮೇಲಿಟ್ಟಳು. "ಜ್ವರ ಅಲ್ಲಪಾ. ಅಕಿ ನಿನ್ನ ದನಿಗಿ ಅಂಜ್ಯಾಳ."

ಆಮೇಲೆ ಆಕೆ ಹೇಳಿದ್ದನ್ನು ನಾನು ಬಾಯಿಯ ನೊರೆ ಉಗುಳುವುದನ್ನೂ ಮರೆತು ಕೇಳಿದೆ. ಅದರ ಹಿಂದಿನ ವರ್ಷದ ಮಾತು. ಆಗ ತಂಗಿಯ ಗಂಡ ಕೈ ಮುರಿದುಕೊಂಡು ಟೆಂಪೋ ಓಡಿಸಲಾರದೆ ತಿಂಗಳುಗಟ್ಟಲೆ ಮನೆಯಲ್ಲಿದ್ದ. ಹಬ್ಬದ ದಿನ ನಾವೆಲ್ಲ ಚರ್ಚಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ತಂಗಿ ಹಿತ್ತಲ ಬಾಗಿಲಿನಿಂದ ಆಯಿಯ ಮನೆಗೆ ಹೋಗಿದ್ದಳು. ಎಲ್ಲರಿಗೂ ಹೇಗೋ ಒಂದೊಂದು ತಂದಿದ್ದಾಳೆ, ನನ್ನ ಹೆಂಡತಿಗೆ ಕೊಡಲು ಮಾತ್ರ ಏನೂ ಇಲ್ಲ. ಅಣ್ಣ ಎಲ್ಲರ ಮುಂದೆ ಕೂಗುವಾಗ ಅತ್ತಿಗೆಯ ಹೆಸರಿನ ಮುಂದೆ ಏನೂ ಇಲ್ಲದಿದ್ದರೆ ಹೇಗೆ ಎಂದು ಅತ್ತಳಂತೆ. ಆಯಿ ಪೆಟ್ಟಿಗೆ ತೆಗೆದು, ನಾಗರಪಂಚಮಿಗೆ ತನ್ನ ಅಣ್ಣ ಕೊಟ್ಟಿದ್ದ, ಒಮ್ಮೆಯೂ ಉಡದ ಇಳಕಲ್ ಸೀರೆಯನ್ನು ಅವಳ ಚೀಲಕ್ಕೆ ಹಾಕಿದ್ದಳು.

"ಟೋಪ್ ತೆನಿ ಸೆರಗು, ಅಸಲ್ ಇಳಕಲ್ ಸೀರಿ ಅಂತ ನೀ ಕೂಗಿದಿ ನೋಡು, ಮೊದಲ ನನಗ ನಗು ಬಂತು. ಆಮ್ಯಾಲ ಆ ಕೂಸು ಅಲ್ಲಿ ಹ್ಯಾಂಗ ಕುಂತಿರಬೇಕು ಅಂತ ಸಂಕಟಾತು. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಿದ್ಲು. ಒಂದ ವರ್ಷ ಹೊಟ್ಟ್ಯಾಗ ಇಟಗೊಂಡೆ. ಇನ್ನ ಸುಮ್ನಿದ್ರ ಅಕಿ ಮುಂದಿನ ವರ್ಷನೂ ಬರೂದಿಲ್ಲ, ಅದರ ಮುಂದಿನ ವರ್ಷನೂ ಬರೂದಿಲ್ಲ."

ನನಗೆ ಆ ದಿನದ ಕೂಗು ಚೆನ್ನಾಗಿ ನೆನಪಿತ್ತು. ವರ್ಷದ ಅತಿ ದೊಡ್ಡ ಕೂಗು ಅದು. ತಂಗಿ ತಲೆ ತಗ್ಗಿಸಿಕೊಂಡು ಕೂತದ್ದನ್ನು ನಾಚಿಕೆ ಎಂದುಕೊಂಡಿದ್ದೆ, ಹೆಮ್ಮೆಯ ನಾಚಿಕೆ… ಎಂಥ ದಡ್ಡ ನಾನು. ನೂರು ಹುಡುಗರಲ್ಲಿ ಯಾವನ ಕಾಲು ತಪ್ಪಿತೆಂದು ದೂರದಿಂದಲೇ ಹೇಳುತ್ತಿದ್ದ ಮಾಸ್ತರ, ಮನೆಯ ಹುಡುಗಿಯ ಮುಖ ಓದಲಿಲ್ಲ.

ಅದೇ ವಾರ ನಾನು, ಹೆಂಡತಿ ಬಾಗೇವಾಡಿ ಬಸ್ಸು ಹತ್ತಿದೆವು. ತಂಗಿಯ ಮಗ ಅಂಗಳದಲ್ಲಿ ಬುಗುರಿ ಆಡುತ್ತಿದ್ದ, ಜ್ವರದ ಸುಳಿವೇ ಇರಲಿಲ್ಲ. ತಂಗಿ ಮೊದಲು ಏನೇನೋ ಹೇಳಿದಳು. ಆಯಿ ಎಲ್ಲ ಹೇಳಿದ್ದಾಳೆ ಎಂದಾಗ ಚಹದ ಪಾತ್ರೆಯನ್ನು ಒಲೆಯ ಮೇಲೆಯೇ ಬಿಟ್ಟು ಕೂತುಬಿಟ್ಟಳು. "ಅಣ್ಣಾ, ಡಿಸೆಂಬರ್ ಬಂತಂದ್ರ ನಿನ್ನ ದನಿ ನನ್ನ ಕಿವ್ಯಾಗ ಕುಂತಬಿಡತಿತ್ತು. ಅಪ್ಪನ ಪದ್ಧತಿ, ಬ್ಯಾಡ ಅಂತ ಹ್ಯಾಂಗ ಅನ್ಲಿ?" ಎಂದಳು. ನನ್ನ ಹೆಂಡತಿ ಅವಳನ್ನು ತಬ್ಬಿಕೊಂಡು ಅಳತೊಡಗಿದಳು. ಚಹ ಉಕ್ಕಿ ಒಲೆ ಆರಿತು.

ತಿರುಗಿ ಬಂದವನು ನೇರವಾಗಿ ಆಯಿಯ ಕಟ್ಟೆಗೆ ಹೋಗಿ ಕೂತೆ. ಕೂಗುವುದನ್ನು ಬಿಡುತ್ತೇನೆ, ಆದರೆ ಆಯೇರಿಯನ್ನೇ ಬಿಟ್ಟರೆ ಹಬ್ಬದಲ್ಲಿ ಉಳಿಯುವುದೇನು ಎಂದು ಕೇಳಿದೆ. ಆಯಿ ನನ್ನನ್ನು ಸಣ್ಣ ಹುಡುಗನನ್ನು ನೋಡಿದಂತೆ ನೋಡಿದಳು.

"ಎಳ್ಳ ಅಮಾಸಿಗಿ ನಾವು ಹೊಲಕ್ಕ ಹೋಗ್ತೀವಿ. ಯಾರಿಗಿ ಏನ ಕೊಡ್ತೀವಿ? ಬುತ್ತಿ ಬಿಚ್ಚತೀವಿ, ಉಣತೀವಿ, ನಗತೀವಿ, ಬರ್ತೀವಿ. ನಿಮ್ಮ ಹಬ್ಬಾನೂ ಅದ ದಿವಸದಾಗ ಬರತೈತಿ. ಬರೂ ವರ್ಷ ಎಲ್ಲಾರೂ ನಮ್ಮ ಹೊಲಕ್ಕ ಬರ್ರಿ. ಮನಿಗೊಂದು ಅಡಗಿ ತರ್ರಿ. ಅರಿವಿ ಗಂಟು ತಂದ್ರ ಬದುವಿನ ಆಚಿನ ನಿಲ್ಲಸ್ತೇನಿ ನೋಡು."

ಅಕ್ಕನಿಗೆ ಫೋನ್ ಮಾಡಿದೆ. ಅಪ್ಪ ಹಾಕಿದ ಪದ್ಧತಿ ಮುರಿಯುತ್ತೀಯಾ ಎಂದು ದೊಡ್ಡವಳು ಗದರಿಸುತ್ತಾಳೆ ಎಂದುಕೊಂಡಿದ್ದೆ. ಅಕ್ಕ ನಿಟ್ಟುಸಿರು ಬಿಟ್ಟಳು. "ಯಪ್ಪಾ, ಇದನ್ನ ಹತ್ತ ವರ್ಷದ ಹಿಂದ ಯಾಕ ಹೇಳಲಿಲ್ಲೋ?" ಎಂದಳು. ನಾವು ಕೊಟ್ಟ ಅರಿವೆಯ ಗಂಟುಗಳು ಅವಳ ಟ್ರಂಕಿನಲ್ಲಿ ಬಿಚ್ಚದೆಯೇ ಇದ್ದವಂತೆ. ನನ್ನ ಹೆಂಡತಿ ನಮ್ಮ ಟ್ರಂಕು ತೆರೆದು ತೋರಿಸಿದಳು. ಅಲ್ಲೂ ಅದೇ ಕಥೆ. ನಾಲ್ಕೂ ಮನೆಯ ಹೆಂಗಸರು ವರ್ಷಗಟ್ಟಲೆ ಒಬ್ಬರಿಗೊಬ್ಬರು ಹೆದರಿಕೊಂಡು, ಯಾರೂ ಹೊಲಿಸದ ಅರಿವೆಯನ್ನು ಕೊಳ್ಳುತ್ತಿದ್ದರು! ತಮ್ಮನೊಬ್ಬ ಮಾತ್ರ ಗೊಣಗಿದ. ಅದೂ ಅರಿವೆಗಾಗಿ ಅಲ್ಲ, ಆಯಿಯ ಹೊಲದಲ್ಲಿ ಮಟನ್ ನಡೆಯುವುದಿಲ್ಲವಲ್ಲ ಎಂದು. ರಾತ್ರಿಯೂಟಕ್ಕೆ ಮನೆಯಲ್ಲಿ ಮಾಡೋಣ ಎಂದ ಮೇಲೆ ಅವನೂ ತಣ್ಣಗಾದ.

ಆಯಿ ಅಷ್ಟಕ್ಕೇ ಬಿಡಲಿಲ್ಲ. ಟ್ರಂಕಿನ ಅರಿವೆಯನ್ನೆಲ್ಲ ತರಿಸಿದಳು. ಎಲ್ಲರೂ ಕೂತು ಉಣ್ಣುವಷ್ಟು ದೊಡ್ಡ ಕೌದಿ ಹೊಲಿಯಬೇಕು ಎಂದಳು. ಪ್ಯಾಂಟ್ ಪೀಸು, ಅಂಗಿ ಪೀಸು, ಜಂಪರ್ ಪೀಸು ಎಲ್ಲ ಆಕೆಯ ಪಡಸಾಲೆಯಲ್ಲಿ ಹರಡಿಕೊಂಡವು. ನನ್ನ ಹೆಂಡತಿ ಆ ಇಳಕಲ್ ಸೀರೆಯನ್ನು ಮಾತ್ರ ಮಡಚಿ, ಅರಿಷಿಣ ಕುಂಕುಮದ ಜೊತೆ ತಾಟಿನಲ್ಲಿಟ್ಟು ಆಯಿಗೆ ಮರಳಿಸಲು ಹೋದಳು. ಆಯಿ ಅರಿಷಿಣ ಕುಂಕುಮ ತೆಗೆದು ಪಕ್ಕಕ್ಕಿಟ್ಟು, ಸೀರೆಯನ್ನು ಬಿಚ್ಚಿ ಕತ್ತರಿ ಹಾಕಿಯೇಬಿಟ್ಟಳು. ಹೆಂಡತಿ "ಅಯ್ಯಯ್ಯ ಆಯಿ!" ಎಂದು ಚೀರಿದಳು.

"ಪೆಟಗ್ಯಾಗಿದ್ರ ಯಾರ ಸೀರಿ, ಯಾರು ಕೊಟ್ರು ಅನ್ನೂ ಮಾತು ಉಳೀತೈತಿ. ಸುಮ್ಮನ ಸೂಜಿ ಪೋಣಿಸು."

ಯುಗಾದಿ ದಾಟಿದ ಮೇಲೆ ಶುರುವಾದ ಹೊಲಿಗೆ ದೀಪಾವಳಿಯವರೆಗೂ ನಡೆಯಿತು. ತಂಗಿ ಬಿಡುವಾದಾಗಲೆಲ್ಲ ಬಾಗೇವಾಡಿಯಿಂದ ಬಂದು ಆಯಿಯ ಪಕ್ಕ ಕೂತು ಹೊಲಿಯುತ್ತಿದ್ದಳು. ಗೋಡೆಯ ಈಚೆ ನನಗೆ ಅವರ ನಗು ಕೇಳುತ್ತಿತ್ತು. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಆಯಿ ಅದರೊಳಗೆ ನಾಲ್ಕು ಜೋಳದ ಕಾಳು ಹಾಕಿದಳು. ಯಾಕೆ ಎಂದು ಕೇಳಿದರೆ, ಕೌದಿಯ ಹೊಟ್ಟೆ ಖಾಲಿ ಇರಬಾರದು ಎಂದಳು.

ಆ ವರ್ಷ ಚರ್ಚು ಮುಗಿಸಿ ಎರಡು ಟಂಟಂ ಆಟೊ ಮಾಡಿಕೊಂಡು ತಾಳಿಕೋಟೆ ರಸ್ತೆಯ ಆಯಿಯ ಹೊಲಕ್ಕೆ ಹೋದೆವು. ಆಳೆತ್ತರದ ಬಿಳಿಜೋಳ, ಅದರ ಪಕ್ಕ ಕಡಲೆ. ಬನ್ನಿ ಗಿಡದ ಕೆಳಗೆ ಕೌದಿ ಹಾಸಿದೆವು. ಅಕ್ಕನ ಸಜ್ಜೆ ಕಡುಬು, ತಮ್ಮನ ಮನೆಯ ಲಿಂಬೆ ಉಪ್ಪಿನಕಾಯಿ ಮತ್ತು ಚಿತ್ರಾನ್ನ, ನಮ್ಮ ಮನೆಯ ಕರ್ಚಿಕಾಯಿ, ತಂಗಿಯ ಶೇಂಗಾ ಹೋಳಿಗೆ. ಆಯಿಯ ಮನೆಯವರದು ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ. ಮಕ್ಕಳಿಗೆ ಮಾತ್ರ ಊದಿಕೊಟ್ಟ ಒಂದೊಂದು ಬಣ್ಣದ ಪುಗ್ಗ. ಅವರು ಪುಗ್ಗ ಹಿಡಿದು ಹೊಲದ ಅಂಚಿಗೆ ಓಡಿಹೋಗಿದ್ದರು, ಗಂಡಸರು ಬಾವಿಯ ಕಡೆ ಹೋಗಿದ್ದರು. ಆಯಿ ನನ್ನ ಕಡೆ ತಿರುಗಿ, "ಈಗ ಕೂಗು ಮಾಸ್ತರ. ಆ ಗಂಟಲ ಊಟಕ್ಕ ಕರ್ಯಾಕ ಇಟಗೋ" ಎಂದಳು.

ಬದುವಿನ ಮೇಲೆ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕೂಗಿದೆ. ಹೆಸರಿನ ಮುಂದೆ ಸೀರೆ ಇಲ್ಲ, ಪೀಸು ಇಲ್ಲ, ಬರೀ ಹೆಸರು. ತಂಗಿಯ ಹೆಸರು ಬಂದಾಗ ಅವಳು ಹೋಳಿಗೆಯ ಡಬ್ಬಿ ಹಿಡಿದುಕೊಂಡು ತಲೆ ಎತ್ತಿ ನಕ್ಕಳು. ಎಷ್ಟೋ ವರ್ಷದಿಂದ ಹೊತ್ತ ಮೂಟೆ ಇಳಿಸಿದಂತೆ ನನಗೆ ಹಗುರವಾಯಿತು. ಆ ದಿನ ಮಧ್ಯಾಹ್ನ ನನ್ನ ಹೆಂಡತಿ ಕೌದಿಯ ಮೇಲೆಯೇ ಬಾಯಿ ತೆರೆದು ನಿದ್ದೆ ಹೋದಳು. ಮದುವೆಯಾದ ಮೇಲೆ ಕ್ರಿಸ್ಮಸ್ ದಿನ ಅವಳು ಹಗಲು ಮಲಗಿದ್ದು ಅದೇ ಮೊದಲು.

ಅಲ್ಲಿಂದ ಪ್ರತಿ ವರ್ಷವೂ ಹಾಗೆಯೇ. ಆಯಿ ಐದು ಸಲ ನಮ್ಮ ಜೊತೆ ಆ ಕೌದಿಯ ಮೇಲೆ ಕೂತಳು. ಐದು ಸಲವೂ ಕರ್ಚಿಕಾಯಿಗೆ ಕೊಬ್ಬರಿ ಕಡಿಮೆಯಾಗಿತ್ತು…

ಹೋದ ಶ್ರಾವಣದಲ್ಲಿ ಆಯಿ ತೀರಿಕೊಂಡಳು. ತುಂಬಿದ ಮನೆಯಲ್ಲಿ, ಮಗ ಸೊಸೆ ಮೊಮ್ಮಕ್ಕಳ ನಡುವೆ, ಮೂರೇ ದಿನ ಮಲಗಿ. ಈ ಸಲ ಹೊಲಕ್ಕೆ ಹೋಗುವುದೋ ಬೇಡವೋ ಎಂದು ನಾನು ಹಿಂದೆಮುಂದೆ ನೋಡುತ್ತಿದ್ದಾಗ ಆಕೆಯ ಮಗನೇ ಗೋಡೆಯ ಹತ್ತಿರ ಬಂದು, "ಮಾಸ್ತರ್ರ, ಬನ್ನಿ ಗಿಡದ ಬುಡಕ ಹಸನ ಮಾಡಿಸೇನ್ರಿ" ಎಂದ. ಹೋದೆವು. ಕೌದಿ ಹಾಸಿದೆವು. ನಾನು ಬದುವಿನ ಮೇಲೆ ನಿಂತು ಎಲ್ಲರನ್ನೂ ಕರೆದೆ. ಅಕ್ಕ, ತಮ್ಮ, ತಂಗಿ, ಮಕ್ಕಳು. ಐದು ವರ್ಷದ ರೂಢಿ, ಕೊನೆಯ ಹೆಸರು ಯಾವಾಗಲೂ ಆಯಿಯದು. ಬಾಯಿ ತೆರೆದೆ. ದನಿ ಬರಲಿಲ್ಲ.

ಆಗ ನನ್ನ ಹಿಂದಿನಿಂದ ಒಂದು ಕೂಗು ಎದ್ದಿತು.

"ಆಯೀ… ಊಟಕ್ಕ ಬರ್ರೀ…"

ತಂಗಿ ಎದ್ದು ನಿಂತಿದ್ದಳು. ಅಪ್ಪನ ಗಂಟಲು ಅವಳಿಗೂ ಬಂದಿದೆ ಎಂಬುದು ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ. ಜೋಳದ ಆಚೆಯಿದ್ದ ಆಯಿಯ ಮಗ ಆ ಕೂಗಿಗೆ ತಿರುಗಿ ನಿಂತ. ಆಮೇಲೆ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ನಮ್ಮ ಕಡೆಗೆ ನಡೆದು ಬಂದ. ತಂಗಿ ಸರಿದು ಅವನಿಗೆ ಕೌದಿಯ ಮೇಲೆ ಜಾಗ ಮಾಡಿದಳು.

ಮಾಳಿಗೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ಕೌದಿ ಮಡಚುವಾಗ ಆ ಮೂಲೆ ಬೆರಳಿಗೆ ಸಿಕ್ಕಿತು. ಹಿಸುಕಿ ನೋಡಿದೆ, ಜೋಳದ ಕಾಳು ಇನ್ನೂ ಒಳಗೇ ಇವೆ. ಹೆಂಡತಿ ಮತ್ತೊಮ್ಮೆ ಕೂಗಿದಳು. ಬಂದೆ ಎನ್ನಲು ಬಾಯಿ ತೆರೆದವನು ಒಂದು ಗಳಿಗೆ ತಡೆದೆ, ಗೋಡೆಯ ಆಚೆಯಿಂದ ಯಾರಾದರೂ ಏನಾದರೂ ಅನ್ನುತ್ತಾರೇನೋ ಎಂದು. ಯಾರೂ ಏನೂ ಅನ್ನಲಿಲ್ಲ. ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಕೆಳಗಿಳಿದೆ.