ಮಹಡಿ ಹತ್ತಿದ ಮೀನು

ಬೀದಿಯವರೆಲ್ಲ ಅವಳನ್ನು ಬ್ಯಾಡ್ಜಕ್ಕ ಎಂದೇ ಕರೆಯುತ್ತಿದ್ದರು. ಶಾಲೆ ಮಕ್ಕಳ ಅಂಗಿಜೇಬಿನ ಲಾಂಛನ, ದಾದಿಯರ ಎದೆಯ ಮೇಲಿನ ಹೆಸರು, ಕಾವಲುಗಾರರ ತೋಳಿನ ಪಟ್ಟಿ, ಹೀಗೆ ಬಟ್ಟೆಯ ಮೇಲೆ ದಾರದಲ್ಲಿ ಮೂಡಬೇಕಾದದ್ದೆಲ್ಲ ಮೂಡುತ್ತಿದ್ದದ್ದು ಅವಳ ಮನೆಯ ಮುಂದಿನ ಕೋಣೆಯಲ್ಲಿ. ಮದುವೆಗೆ ಮುಂಚೆ ಅವಳು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಚ್ಚುತ್ತಿದ್ದಳು. ಕೈ ಗುಂಡಿಯ ಮೇಲಿದ್ದರೂ ಕಣ್ಣು ಮಾತ್ರ ಪಕ್ಕದ ಎಂಬ್ರಾಯ್ಡರಿ ವಿಭಾಗದ ಕಡೆಗೇ. ಸೂಜಿ ತನ್ನ ಪಾಡಿಗೆ ತಾನು ಓಡಿ ಒಂದು ಸಿಂಹವನ್ನೋ ಹಡಗನ್ನೋ ಬಿಡಿಸಿ ನಿಲ್ಲುವುದನ್ನು ಎಷ್ಟು ನೋಡಿದರೂ ಅವಳಿಗೆ ಸಾಲದು. ಕೊನೆಗೆ ಅಲ್ಲಿನ ಮೇಲ್ವಿಚಾರಕಿಯೇ ಬೇಸತ್ತು, "ಕಣ್ಣು ಸವೆಸಿಕೊಳ್ಳೋ ಬದಲು ಒಳಗೆ ಬಂದು ಕಲಿಯೇ ತಾಯಿ" ಎಂದಳು.

ಕಾರ್ಖಾನೆ ಮುಚ್ಚಿದಾಗ ಅಲ್ಲಿನ ಹಳೆಯ ಯಂತ್ರವೊಂದನ್ನು, ಅದಕ್ಕೆ ಜೋಡಿಸಿದ್ದ ಕಂಪ್ಯೂಟರ್ ಸಮೇತ, ಅವಳು ಮನೆಗೆ ತಂದಳು. ಬಾಗಿಲ ಚೌಕಟ್ಟು ಕಳಚದೆ ಅದು ಒಳಗೆ ಬರಲಿಲ್ಲ. ಅವಳ ಗಂಡ ಬೇಕರಿಯ ವ್ಯಾನು ಓಡಿಸುವವನು. ಬೆವರು ಒರೆಸಿಕೊಳ್ಳುತ್ತಾ, "ಇನ್ನು ಮನೆ ಬದಲಾಯಿಸೋ ಮಾತೇ ಇಲ್ಲ ಬಿಡು. ಇದೂ ಆಚೆ ಹೋಗಲ್ಲ, ನಾವೂ ಹೋಗಲ್ಲ" ಎಂದಿದ್ದ. ಬಾಡಿಗೆ ಮನೆಯಾದರೂ ಅಂದಿನಿಂದ ಅದು ತನ್ನದೇ ಎಂಬ ಧೈರ್ಯ ಅವಳಿಗೆ ಬಂದಿತ್ತು.

ಚಿತ್ರ ಬಿಡಿಸಲು ಆಮೇಲೆ ಒಂದು ಲ್ಯಾಪ್‌ಟಾಪ್ ಬಂತು. ಅಡುಗೆಮನೆಯ ಕಿಟಕಿಯ ಬಳಿ ಬೆಳಕು ಚೆನ್ನಾಗಿದ್ದುದರಿಂದ ಅದರ ಜಾಗ ಅಲ್ಲಿ. ಅದರಲ್ಲಿ 'ಹೊಲಿಗೆ' ಎಂಬ ಫೋಲ್ಡರ್. ಅವಳು ಚಿತ್ರವನ್ನು ಅದರೊಳಗೆ ಹಾಕಿದರೆ ಮುಂದಿನ ಕೋಣೆಯ ಹಳೆಯ ಕಂಪ್ಯೂಟರ್ ಅದೇ ಫೋಲ್ಡರನ್ನು ತೆರೆದು ಯಂತ್ರಕ್ಕೆ ದಾಟಿಸುತ್ತಿತ್ತು. ಕಂಪ್ಯೂಟರ್ ಅಂಗಡಿಯವನು ಒಮ್ಮೆ ಬಂದು ಹೊಂದಿಸಿಕೊಟ್ಟಿದ್ದ ವ್ಯವಸ್ಥೆ. ಅತ್ತೆ ಸೊಸೆ ಹೊಂದಿಕೊಂಡ ಮನೆಯ ಹಾಗೆ ಎಲ್ಲವೂ ಸುಸೂತ್ರವಾಗಿ ನಡೆದಿತ್ತು.

ಆ ದಿನ ಬಿಡಿಸಬೇಕಾಗಿದ್ದದ್ದು ಒಂದು ನೀಲಿ ಮೀನು. ಈಜು ಕಲಿಸುವ ಮೇಡಂ ಸಂಜೆ ಮಾದರಿ ನೋಡಲು ಬರುವವರಿದ್ದರು. "ಮೀನು ಹೆದರಿಸಬಾರದು, ಹಾಗಂತ ಹಲ್ಲು ಕಿರೀಬಾರದು" ಎಂದು ಅವರ ಕಟ್ಟಪ್ಪಣೆ. ಬ್ಯಾಡ್ಜಕ್ಕ ಬೆಳಗಿನಿಂದ ಕೂತು ಗಂಭೀರವೂ ಸೌಮ್ಯವೂ ಆದ ಮೀನೊಂದನ್ನು ಬಿಡಿಸಿ, ಫೋಲ್ಡರಿಗೆ ಹಾಕಿ, ಮುಂದಿನ ಕೋಣೆಗೆ ಬಂದು ನೋಡಿದರೆ ಫೋಲ್ಡರೇ ತೆರೆಯುತ್ತಿಲ್ಲ. ಲ್ಯಾಪ್‌ಟಾಪ್ ಎಲ್ಲೂ ಸಿಗುತ್ತಿಲ್ಲ ಎಂದಿತು ಹಳೆಯ ಕಂಪ್ಯೂಟರ್.

"ಸಿಗದೆ ಏನು? ಅಡುಗೆಮನೇಲಿ ಕೂತಿದೆ ನೋಡು" ಎಂದಳು ಅವಳು, ಅದಕ್ಕೆ ಕೇಳಿಸುತ್ತದೇನೋ ಎಂಬಂತೆ.

ಎರಡನ್ನೂ ಆರಿಸಿ ಹಚ್ಚಿದಳು. ಹಳೆಯ ಕಂಪ್ಯೂಟರಿನ ನೆಟ್ ಕೇಬಲ್ ಕಿತ್ತು ಮತ್ತೆ ಚುಚ್ಚಿದಳು. ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಫೋಲ್ಡರ್ ಹಂಚಿಕೆಯ ಪುಟ ಹುಡುಕಿ, ಇದ್ದ ಟಿಕ್ ಗುರುತು ತೆಗೆದು, ಇಲ್ಲದ ಗುರುತು ಹಾಕಿದಳು. ಅಷ್ಟರಲ್ಲಿ ಬೆಳಗಿನ ಸುತ್ತು ಮುಗಿಸಿ ಬಂದ ಗಂಡ ಬಾಗಿಲಲ್ಲಿ ನಿಂತು, "ಪೆನ್ ಡ್ರೈವಲ್ಲಿ ಹಾಕಿದ್ರೆ ಮುಗೀತಲ್ಲ" ಎಂದ.

"ಆ ಕಂಪ್ಯೂಟರಲ್ಲಿ ಪೆನ್ ಡ್ರೈವ್ ಹಾಕೋಕೆ ಕಿಂಡಿ ಎಲ್ರೀ ಉಳಿದಿದೆ? ಎರಡು ಕೆಟ್ಟಿವೆ, ಮಿಕ್ಕಿದ್ದರಲ್ಲಿ ಯಂತ್ರದ ವೈರು, ಕೀಬೋರ್ಡು, ಮೌಸು."

"ಹಾಗಾದ್ರೆ ಅಂಗಡಿಯವನಿಗೆ ಫೋನ್ ಮಾಡು."

ಮಾಡಿದಳು. ಅವನು ಇನ್ಯಾರದೋ ಮನೆಯ ಮೇಜಿನ ಕೆಳಗೆ ತಲೆ ಹಾಕಿಕೊಂಡಿದ್ದನಂತೆ, ದನಿ ಡಬ್ಬಿಯೊಳಗಿಂದ ಬಂದ ಹಾಗಿತ್ತು. "ಎರಡೂ ಒಂದೇ ನೆಟ್‌ವರ್ಕಲ್ಲಿ ಇದಾವಾ ಅಕ್ಕಾ?"

"ಒಂದೇ ಮನೇಲಿ ಇದಾವಪ್ಪ, ಇನ್ನೆಷ್ಟು ಒಂದಾಗಬೇಕು?"

"ಸರಿ, ನಾಳೆ ಬಂದು ನೋಡ್ತೀನಿ."

ನಾಳೆ ಬಂದರೆ ಇಂದಿನ ಸಂಜೆಗೇನು ಗತಿ? ದಾರದ ಮೀನು ಇಲ್ಲದಿದ್ದರೆ ಕಾಗದದ ಮೀನನ್ನಾದರೂ ತೋರಿಸೋಣ ಎಂದುಕೊಂಡು ಲ್ಯಾಪ್‌ಟಾಪಿನಿಂದ ಪ್ರಿಂಟ್ ಕೊಟ್ಟಳು. ಎಂದಿನ ಪ್ರಿಂಟರಿನ ಹೆಸರು ಮಸುಕಾಗಿತ್ತು. ಅದರ ಕೆಳಗೆ ಇನ್ನೊಂದು ಹೆಸರು 'ಸಿದ್ಧ' ಎನ್ನುತ್ತಿತ್ತು. ಅದನ್ನೇ ಒತ್ತಿದಳು. ಕಪಾಟಿನ ಮೇಲಿದ್ದ ಪ್ರಿಂಟರ್ ಮಿಸುಕಲಿಲ್ಲ. ಮತ್ತೆ ಒತ್ತಿದಳು. ಚಿಕ್ಕದಾಯಿತೇನೋ ಎಂದು ಮೀನನ್ನು ಪುಟದಗಲ ಮಾಡಿ ಒತ್ತಿದಳು. ಪ್ರಿಂಟರಿನ ಬೆನ್ನಿಗೊಂದು ಗುದ್ದು ಕೊಟ್ಟು ಇನ್ನೊಮ್ಮೆ ಒತ್ತಿದಳು. ಬೆನ್ನಿಗೆ ಬಿದ್ದ ಗುದ್ದಿನ ಸದ್ದಷ್ಟೇ ಬಂತು.

ಅವಳು ಸೋತು, ಅನ್ನಕ್ಕಾದರೂ ಇಡೋಣ ಎಂದು ಅಕ್ಕಿ ತೊಳೆಯುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಮಹಡಿಯ ಮೇಷ್ಟ್ರು. ಭೂಗೋಳ ಕಲಿಸಿ ನಿವೃತ್ತರಾದವರು. ಮೆಟ್ಟಿಲಲ್ಲಿ ಸಿಕ್ಕರೆ ನಮಸ್ಕಾರ, ಅದಕ್ಕಿಂತ ಹೆಚ್ಚಿನ ಬಳಕೆಯಿಲ್ಲ. ಅವರ ಕೈಯಲ್ಲೊಂದು ಕಾಗದದ ಕಂತೆ, ಮುಖದಲ್ಲಿ ಕೋಪವೋ ನಗುವೋ ತಿಳಿಯದ ಬಿಗಿ.

"ಏನಮ್ಮಾ, ನಮ್ಮ ಪ್ರಿಂಟರ್ ಮೀನು ಮರಿ ಹಾಕ್ತಾ ಇದೆ. ಒಂದಕ್ಕಿಂತ ಒಂದು ದಪ್ಪ! ಕೆಳಗೆ 'ಬ್ಯಾಡ್ಜ್ ಮಾದರಿ' ಅಂತ ಇರೋದು ನೋಡಿ, ಇದು ನಿಮ್ಮ ಮನೆ ಮೀನೇ ಇರಬೇಕು ಅಂತ ತಂದೆ."

ಬ್ಯಾಡ್ಜಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ನಾಚಿಕೆಯಿಂದ ಮುಖ ಕೆಂಪಾದರೂ ತಲೆಯಲ್ಲಿ ಏನೋ ಓಡತೊಡಗಿತ್ತು. "ಮೇಷ್ಟ್ರೇ, ನನ್ನ ಮೀನು ನಿಮ್ಮನೆಗೆ ಹೇಗೆ ಬಂತು? ನಿಮ್ಮ ಪ್ರಿಂಟರ್ ಇರೋದು ನಿಮ್ಮ ವೈಫೈಯಲ್ಲಿ ತಾನೇ?"

"ಮತ್ತಿನ್ನೆಲ್ಲಿ? ಮೊನ್ನೆ ನಿಮ್ಮದು ಕೆಟ್ಟಾಗ ನಿಮ್ಮ ಯಜಮಾನ್ರು ಪಾಸ್‌ವರ್ಡ್ ಬರೆಸ್ಕೊಂಡು ಹೋದರಲ್ಲ."

ಅವಳು ನಿಧಾನವಾಗಿ ಗಂಡನ ಕಡೆ ತಿರುಗಿದಳು. ಅವನು ಗೋಡೆಯ ಗಡಿಯಾರ ನೋಡುತ್ತಾ ನಿಂತಿದ್ದ.

"ರೀ."

"ಲ್ಯಾಪ್‌ಟಾಪಲ್ಲಿ ಪಂದ್ಯ ನೋಡ್ಬೇಕಾಗಿತ್ತು ಕಣೇ. ಅದು ಏನೇನೋ ಕೇಳ್ತು, ಎಲ್ಲಕ್ಕೂ ಹೌದು ಅಂದೆ. ನಮ್ಮದು ಸರಿಯಾದ ಮೇಲೆ ತಾನಾಗೇ ವಾಪಸ್ ಬರುತ್ತೆ ಅಂದುಕೊಂಡಿದ್ದೆ."

"ಬರುತ್ತೆ! ಅದೇನು ಮೇಯೋಕೆ ಹೋದ ಹಸುವಾ?" ಎಂದವಳಿಗೆ ನಗು ತಡೆಯಲಾಗಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಹಳೆಯ ಕಂಪ್ಯೂಟರ್ ಕೆಳಗಿನ ಮನೆಯ ತಂತಿ ಹಿಡಿದು ಕೂತಿದೆ, ಲ್ಯಾಪ್‌ಟಾಪ್ ಅಡುಗೆಮನೆಯಲ್ಲಿದ್ದುಕೊಂಡೇ ಮಹಡಿಮನೆಯ ಒಕ್ಕಲಾಗಿದೆ! ಅಂಗಡಿಯವನು ಕೇಳಿದ್ದು ಇದನ್ನೇ. ಅವಳು ಮನೆಯ ಲೆಕ್ಕ ಹೇಳಿದ್ದಳು.

ಲ್ಯಾಪ್‌ಟಾಪನ್ನು ತಮ್ಮ ವೈಫೈಗೆ ಸೇರಿಸಿದಳು. ಮೂವರೂ ಮುಂದಿನ ಕೋಣೆಗೆ ಬಂದು ನೋಡಿದರು. ಈ ಸಲ ಹಳೆಯ ಕಂಪ್ಯೂಟರಿಗೆ ಲ್ಯಾಪ್‌ಟಾಪಿನ ಹೆಸರೇನೋ ಕಂಡಿತು, ಫೋಲ್ಡರ್ ಮಾತ್ರ ಕಾಣಲಿಲ್ಲ. ಗಂಡ, "ಇದು ನನ್ನ ತಪ್ಪಲ್ಲಪ್ಪ" ಎಂದು ಮೊದಲೇ ಹೇಳಿಬಿಟ್ಟ.

"ಅಲ್ಲ, ಇದು ನಂದು" ಎಂದಳು ಅವಳು. ಬೆಳಿಗ್ಗೆ ತಾನೇ ಕಿತ್ತ ಗುರುತು ನೆನಪಾಗಿತ್ತು. ಅಡುಗೆಮನೆಗೆ ಹೋಗಿ, ತೆಗೆದಿದ್ದನ್ನು ಹಾಕಿ, ಹಾಕಿದ್ದನ್ನು ತೆಗೆದಳು. ಅಷ್ಟರಲ್ಲಿ ಮುಂದಿನ ಕೋಣೆಯಿಂದ ಮೇಷ್ಟ್ರ ಕೂಗು: "ಬಂತು ಬಂತು, 'ಹೊಲಿಗೆ' ಬಂತು!" ತರಗತಿಯಲ್ಲಿ ನಕ್ಷೆ ಬಿಡಿಸಿದ ಮೇಲೂ ಅವರು ಅಷ್ಟು ಉಲ್ಲಾಸದಿಂದ ಕೂಗಿರಲಾರರು.

ಯಂತ್ರ ಗುಯ್‌ಗುಟ್ಟಿತು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. ಮೊದಲು ಬಾಲ, ಆಮೇಲೆ ಹೊಟ್ಟೆ, ನೀಲಿಯ ಮೇಲೆ ಬಿಳಿ ಗೆರೆಯ ಹುರುಪೆ. "ಕಣ್ಣು ಯಾವಾಗ ಬರುತ್ತೆ?" ಎಂದು ಚಿಕ್ಕ ಮಕ್ಕಳ ಹಾಗೆ ಎರಡು ಸಲ ಕೇಳಿದರು. ಕಣ್ಣು ಕಡೆಗೆ ಬಂತು. ಗಂಡ ಯಾರೂ ಹೇಳದೆಯೇ ಹೋಗಿ ಒಲೆಯ ಮೇಲೆ ಅಕ್ಕಿ ಇಟ್ಟು, ಚಹಾ ಮಾಡಿ ತಂದ. ಸಕ್ಕರೆ ಜಾಸ್ತಿಯಾಗಿತ್ತು, ಆದರೂ ಮೇಷ್ಟ್ರು ಲೋಟ ಖಾಲಿ ಮಾಡಿದರು.

ಸಂಜೆ ಬಂದ ಈಜಿನ ಮೇಡಂ ಬ್ಯಾಡ್ಜನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಒಂಚೂರು ನಗ್ತಿದೆ ಅಲ್ವಾ?" ಎಂದರು.

"ಕಣ್ಣಲ್ಲಿ ಮಾತ್ರ ಮೇಡಂ, ಬಾಯಲ್ಲಿಲ್ಲ" ಎಂದಳು ಬ್ಯಾಡ್ಜಕ್ಕ.

ಅವರು ಇನ್ನೊಮ್ಮೆ ನೋಡಿದರು. "ಇರಲಿ ಬಿಡಿ, ಮಕ್ಕಳಿಗೆ ನೀರು ಅಂದ್ರೆ ಮೊದಲೇ ಭಯ. ಹೀಗೇ ಹೊಲೀರಿ" ಎಂದು ಒಪ್ಪಿ ಹೋದರು. ಬ್ಯಾಡ್ಜಕ್ಕ ನೀಲಿ ದಾರದ ಹೊಸ ಉರುಳೆಯನ್ನು ಯಂತ್ರಕ್ಕೆ ಏರಿಸಿ, ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಸೂಜಿಗೆ ಪೋಣಿಸತೊಡಗಿದಳು.